ಎದ್ದು ನಿಂತ ನೀರು

ನಾನು ಸುರಿದದ್ದು ಎರಡೇ ಬಣ್ಣ. ಕೆಳಗೆ ಶಂಖಪುಷ್ಪದ ಕಡುನೀಲಿ, ಮೇಲೆ ಲಿಂಬೆ ಶರಬತ್ತಿನ ತಿಳಿ. ರಾತ್ರಿ ಹತ್ತೂವರೆಗೆ ಗಾಜಿನ ಲೋಟವನ್ನು ಫ್ರಿಜ್ಜಿನ ಮೂಲೆಯಲ್ಲಿಟ್ಟು ಮಲಗಿದವಳು ಬೆಳಿಗ್ಗೆ ಹಾಲಿನ ಪಾತ್ರೆಗೆಂದು ಬಾಗಿಲು ತೆರೆದೆ. ಚಾಚಿದ ಕೈ ಅಲ್ಲೇ ನಿಂತಿತು. ಲೋಟದಲ್ಲಿ ಮೂರು ಬಣ್ಣ! ನೀಲಿಗೂ ತಿಳಿಗೂ ನಡುವೆ ಕಿರುಬೆರಳಗಲದ ನೇರಳೆ ಪಟ್ಟಿಯೊಂದು ಮೂಡಿತ್ತು. ಯಾರೂ ಸುರಿಯದ, ಯಾರೂ ಕಲಕದ, ಮನೆಯವರೆಲ್ಲ ನಿದ್ದೆಯಲ್ಲಿದ್ದಾಗ ತನ್ನಷ್ಟಕ್ಕೆ ತಾನೇ ಹುಟ್ಟಿದ ಪದರ.

ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ತಿರುಗಿಸಿದೆ. ಮಗಳನ್ನು ಎಬ್ಬಿಸಿ ತೋರಿಸಿದೆ. ‘ಅಮ್ಮಾ, ಇದು ಯಾವಾಗ ಹಾಕಿದ್ದು?’ ಎಂದಳು. ‘ಹಾಕಲೇ ಇಲ್ಲ’ ಎಂದೆ. ಇಬ್ಬರೂ ಹಾಸಿಗೆಯ ಮೇಲೆ ಕೂತು ಆ ಲೋಟವನ್ನು ಅದೆಷ್ಟು ಹೊತ್ತು ನೋಡಿದೆವೋ, ಅಂದು ಹಾಲು ಕಾದದ್ದು ಏಳೂವರೆಯ ಮೇಲೆ.

ಬೇಸಿಗೆ ರಜೆಯ ಒಂದು ಸಂಜೆಗೆಂದು ಈ ಕೆಲಸ ಶುರುವಾಗಿತ್ತು. ಏಪ್ರಿಲ್ ಕೊನೆಯ ಭಾನುವಾರ ನಮ್ಮ ಬೆಂಗಳೂರಿನ ಮನೆಯ ತಾರಸಿಯಲ್ಲಿ ಬಂಧುಬಳಗ ಸೇರುವುದಿತ್ತು. ಮಕ್ಕಳೇ ಹದಿನೆಂಟು ಮಂದಿ. ಐಸ್‌ಕ್ರೀಮ್ ಬೇಡ, ಕೇಕ್ ಬೇಡ, ಬಣ್ಣಬಣ್ಣದ ಪದರದ ಜೆಲ್ಲಿ ಮಾಡೋಣ ಎಂದು ನನಗೂ ಮಗಳಿಗೂ ಒಂದೇ ಹಟ. ಅದರ ಬೀಜ ಬಿದ್ದದ್ದು ಮಾತ್ರ ಎಂದೋ. ಪುತ್ತೂರಿನ ಕಡೆಯವಳಾದ ನನಗೆ ಬಾಲ್ಯದಲ್ಲಿ ಜೆಲ್ಲಿ ಎಂದರೆ ಗಡ್‌ಬಡ್. ಮಂಗಳೂರಿಗೆ ಹೋದಾಗ ಉದ್ದನೆಯ ಗಾಜಿನ ಲೋಟದಲ್ಲಿ ಐಸ್‌ಕ್ರೀಮ್, ಹಣ್ಣು, ಗೋಡಂಬಿ, ದ್ರಾಕ್ಷಿಗಳ ನಡುವೆ ಅಡಗಿರುತ್ತಿದ್ದ ಆ ಕೆಂಪು ತುಂಡು! ಚಮಚದ ಮೇಲೆ ನಡುಗುತ್ತಾ ಬಾಯಿಗೆ ಬರುತ್ತಿದ್ದ ಅದು ದ್ರವವೋ ಘನವೋ ಎಂಬ ಪ್ರಶ್ನೆಗೆ ಅಂದು ಯಾರೂ ಉತ್ತರ ಕೊಟ್ಟಿರಲಿಲ್ಲ. ನಲವತ್ತು ದಾಟಿದ ಮೇಲೆ ಒಂದು ಸಂಜೆಯ ಕೂಟ ಆ ಉತ್ತರದ ಬಾಗಿಲಿಗೆ ನನ್ನನ್ನು ಕರೆತಂದಿತು.

ಮೊದಲು ತಂದದ್ದು ಜೆಲಾಟಿನ್. ಪರೀಕ್ಷೆಗೆಂದು ಸಣ್ಣ ಬಟ್ಟಲಲ್ಲಿ ಎರಡು ಪದರ ಮಾಡಿದೆ. ತಣ್ಣೀರಲ್ಲಿ ಹತ್ತು ನಿಮಿಷ ನೆನೆಸುವುದು, ಉಬ್ಬಿದ ಮೇಲೆ ಬಿಸಿ ರಸದಲ್ಲಿ ಕರಗಿಸುವುದು, ಕುದಿಸದೇ ಇರುವುದು. ಏಳು ಗ್ರಾಂ ಪುಡಿಗೆ ಅರ್ಧ ಲೀಟರಿನಷ್ಟು ರಸ ಮೆತ್ತಗೆ ಹೆಪ್ಪುಗಟ್ಟಿತು. ಫ್ರಿಜ್ಜಿನಿಂದ ತೆಗೆದಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾಲಗೆಯ ಮೇಲಿಟ್ಟರೆ ಕಚ್ಚುವ ಮೊದಲೇ ಕರಗಿತು. ಆಹಾ! ಅದೇ ಬಟ್ಟಲನ್ನು ಮಧ್ಯಾಹ್ನ ಮೂರಕ್ಕೆ ತಾರಸಿಯ ನೆರಳಲ್ಲಿಟ್ಟು ಕಾದೆ. ಅರ್ಧ ಗಂಟೆಯೊಳಗೆ ಅಂಚು ಕುಸಿಯಿತು, ಕೆಂಪು ಹಳದಿಗೆ ಇಳಿಯಿತು, ಮುಕ್ಕಾಲು ಗಂಟೆಗೆ ಬಟ್ಟಲಲ್ಲಿ ಉಳಿದದ್ದು ಕಿತ್ತಳೆ ಬಣ್ಣದ ಶರಬತ್ತು.

ಬೇಸರಪಡಬೇಕಿತ್ತು. ನನಗೆ ಕುತೂಹಲ ಕೆರಳಿತು. ಬಾಯಲ್ಲಿ ಅಷ್ಟು ಚೆಂದಕ್ಕೆ ಕರಗಿದ್ದೂ ತಾರಸಿಯಲ್ಲಿ ಸೋತದ್ದೂ ಒಂದೇ ಗುಣವಲ್ಲವೇ?

ಒಂದೇ ಗುಣ! ಜೆಲಾಟಿನ್ ಜೆಲ್ಲಿ 30 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ನಮ್ಮ ಮೈಯ ಬಿಸಿ 37. ಆ ಕೆಲವೇ ಡಿಗ್ರಿಗಳ ಅಂತರದಲ್ಲಿದೆ ಅದರ ಸೊಗಸೆಲ್ಲ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನವೂ ಅದೇ ಅಂತರದೊಳಗೆ ಬಂದು ಕೂರುತ್ತದೆ. ತಾರಸಿ ನನ್ನ ಜೆಲ್ಲಿಯನ್ನು ನಾನು ತಿನ್ನುವ ಮೊದಲೇ ತಿಂದಿತ್ತು.

ಕರಗುವುದೆಂದರೆ ಒಳಗೆ ಏನಾಗುತ್ತದೆ? ಇಲ್ಲಿಂದ ನನ್ನ ಮೈ ನವಿರೇಳತೊಡಗಿತು. ಜೆಲಾಟಿನ್ ಬರುವುದು ಕೊಲಾಜನ್‌ನಿಂದ. ಪ್ರಾಣಿಗಳ ಚರ್ಮ, ಮೂಳೆ, ಸ್ನಾಯುರಜ್ಜುಗಳನ್ನೆಲ್ಲ ಹಿಡಿದಿಡುವ ಪ್ರೋಟೀನ್ ಅದು; ನಮ್ಮ ಮೈಯ ಪ್ರೋಟೀನಿನಲ್ಲೂ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಅದೇ. ಅದರ ರಚನೆ ಹೇಗಿದೆಯೆಂದು ಲೋಕಕ್ಕೆ ಹೇಳಿದವರು ನಮ್ಮ ನೆರೆಯ ಮದ್ರಾಸಿನಲ್ಲಿ ಕೂತಿದ್ದ ಇಬ್ಬರು. 1954ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಅವರು ‘ನೇಚರ್’ ಪತ್ರಿಕೆಯಲ್ಲಿ ಕೊಲಾಜನ್ ಮೂರೆಳೆಯ ಸುರುಳಿ ಎಂದು ತೋರಿಸಿದರು. ಅವರು ಎಕ್ಸ್‌ರೇ ಹಿಡಿದು ನೋಡಿದ್ದು ಕಾಂಗರೂ ಬಾಲದ ಸ್ನಾಯುರಜ್ಜುವನ್ನು! ರಾಮಚಂದ್ರನ್ ವಿಜ್ಞಾನಿಯಾಗಿ ರೂಪುಗೊಂಡದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಿ.ವಿ. ರಾಮನ್ ಅವರ ಶಿಷ್ಯರಾಗಿ. ಮುಂದೆ ಅದೇ ಸಂಸ್ಥೆಗೆ ಮರಳಿ ಬಂದು ಅಣುಜೈವಿಕ ಭೌತವಿಜ್ಞಾನದ ವಿಭಾಗವನ್ನು ಕಟ್ಟಿದವರೂ ಅವರೇ. ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಬಹುದಾದ ಜಾಗ ಅದು. ಆ ಮರಗಳ ಸಾಲಿನ ಬದಿಯಲ್ಲಿ ಎಷ್ಟು ಸಲ ಹಾದುಹೋಗಿದ್ದೇನೆ, ಜೆಲ್ಲಿಯ ಗುಟ್ಟಿಗೂ ಅಲ್ಲಿಗೂ ನಂಟಿದೆಯೆಂದು ತಿಳಿಯದೆ!

ಮೂರೆಳೆಯ ಸುರುಳಿಯೆಂದರೆ ಜಡೆ. ಮಗಳ ತಲೆ ಬಾಚುತ್ತಾ ಇದನ್ನು ಅವಳಿಗೆ ಹೇಳಿದೆ. ಮೂರು ಕಾಲು ಕೂದಲನ್ನು ಬಿಗಿಯಾಗಿ ಹೆಣೆದ ಹಾಗೆ ಕೊಲಾಜನ್. ನೀರಲ್ಲಿ ಬೇಯಿಸಿದರೆ ಜಡೆ ಬಿಚ್ಚಿಕೊಳ್ಳುತ್ತದೆ, ಎಳೆಗಳು ನೀರಿನ ತುಂಬ ಹರಡಿ ಈಜುತ್ತವೆ. ಅದೇ ಜೆಲಾಟಿನ್. ನೀರು ತಣಿಯುತ್ತಾ ಬಂದ ಹಾಗೆ ಎಳೆಗಳಿಗೆ ಮತ್ತೆ ಜಡೆಯಾಗುವ ತವಕ. ಮೊದಲಿನ ಜೊತೆಗಾರರು ಎಲ್ಲೋ ಹೋಗಿರುತ್ತಾರೆ. ಹತ್ತಿರ ಸಿಕ್ಕವರ ಜೊತೆ ಅಷ್ಟಷ್ಟು ಉದ್ದಕ್ಕೆ ಹೆಣೆದುಕೊಳ್ಳುತ್ತವೆ. ಒಂದು ಎಳೆ ಇಲ್ಲೊಂದು ಜಡೆಯಲ್ಲಿ, ಅಲ್ಲೊಂದು ಜಡೆಯಲ್ಲಿ. ಹೀಗೆ ಇಡೀ ಪಾತ್ರೆಯ ತುಂಬ ಒಂದೇ ಬಲೆ ಏಳುತ್ತದೆ, ಬಲೆಯ ಕಣ್ಣುಗಳಲ್ಲಿ ನೀರು ಸಿಕ್ಕಿಕೊಳ್ಳುತ್ತದೆ. ಹರಿಯಲು ಹೊರಟ ನೀರು ಹರಿಯಲಾರದೆ ನಿಂತುಬಿಡುತ್ತದೆ. ಗಡ್‌ಬಡ್ ಲೋಟದ ಆ ಕೆಂಪು ತುಂಡಿನ ಉತ್ತರ ಇದು: ಅದು ನೀರೇ. ಎದ್ದು ನಿಂತ ನೀರು.

ಒಮ್ಮೆ ಮಗಳು ಹಸಿ ಅನಾನಸಿನ ಹೋಳು ಹಾಕಿದಳು. ಇಡೀ ರಾತ್ರಿ ಕಳೆದರೂ ಆ ಬಟ್ಟಲು ಹೆಪ್ಪುಗಟ್ಟಲೇ ಇಲ್ಲ. ಅನಾನಸಿನಲ್ಲಿ ಬ್ರೊಮೆಲೇನ್ ಎಂಬ ಕಿಣ್ವವಿದೆ, ಪಪ್ಪಾಯಿಯಲ್ಲಿ ಪಪೇನ್. ಇವು ಪ್ರೋಟೀನಿನ ಎಳೆಗಳನ್ನೇ ಕತ್ತರಿಸಿಹಾಕುತ್ತವೆ. ಎಳೆ ತುಂಡಾದ ಮೇಲೆ ಜಡೆ ಎಲ್ಲಿಂದ? ಅದೇ ಅನಾನಸನ್ನು ಚೆನ್ನಾಗಿ ಬೇಯಿಸಿ ಹಾಕಿದರೆ ಕಿಣ್ವ ಸತ್ತು ಜೆಲ್ಲಿ ನಿಲ್ಲುತ್ತದೆ. ಅನಾನಸ್ ತಿಂದಾಗ ನಾಲಗೆ ಚುರುಗುಟ್ಟುವುದರಲ್ಲೂ ಈ ಕತ್ತರಿಯ ಪಾಲಿದೆ ಎಂದು ಗೊತ್ತಾದಾಗ ಮಗಳು ನಾಲಗೆ ಹೊರಚಾಚಿ ಕನ್ನಡಿ ನೋಡಿಕೊಂಡಳು.

ಆದರೆ ತಾರಸಿಯ ಪ್ರಶ್ನೆ ಹಾಗೇ ಉಳಿದಿತ್ತು. ಜೊತೆಗೆ ಇನ್ನೊಂದು ಮಾತು. ಬರುವವರಲ್ಲಿ ಅರ್ಧಕ್ಕರ್ಧ ಸಸ್ಯಾಹಾರಿಗಳು; ಚರ್ಮ, ಮೂಳೆಯಿಂದ ಬಂದದ್ದನ್ನು ಹೇಳದೆ ಬಡಿಸುವುದು ನನ್ನಿಂದಾಗದು. ಎರಡಕ್ಕೂ ಒಂದೇ ಉತ್ತರ ಬೇಕಿತ್ತು. ಅದು ನಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲಿ, ಶಾವಿಗೆ ಪೊಟ್ಟಣದ ಪಕ್ಕದಲ್ಲಿ, ಒಣಹುಲ್ಲಿನ ಬಿಳಿ ಕಂತೆಯ ಹಾಗೆ ನೇತಾಡುತ್ತಿತ್ತು. ಚೈನಾ ಗ್ರಾಸ್. ಇನ್ನೊಂದು ಹೆಸರು ಅಗರ್ ಅಗರ್.

ಹೆಸರಲ್ಲಿ ಹುಲ್ಲು, ಹುಟ್ಟಿನಲ್ಲಿ ಕಡಲ ಪಾಚಿ! ಸಮುದ್ರದ ತಳದ ಬಂಡೆಗಳಿಗೆ ಅಂಟಿ ಬೆಳೆಯುವ ಕೆಂಪು ಪಾಚಿಯನ್ನು ಬೇಯಿಸಿ, ಸೋಸಿ, ಒಣಗಿಸಿ ಮಾಡಿದ್ದು. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಮಂಡಪಂ, ರಾಮೇಶ್ವರಗಳ ಸುತ್ತಲಿನ ಊರುಗಳಲ್ಲಿ ಹೆಂಗಸರು ಮನ್ನಾರ್ ಕೊಲ್ಲಿಯ ನೀರಿಗೆ ಮುಳುಗಿ, ಉಸಿರು ಬಿಗಿಹಿಡಿದು, ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂಡೆಯಿಂದ ಈ ಪಾಚಿಯನ್ನು ಕೀಳುತ್ತಾರೆ. ತಮಿಳರು ಇದಕ್ಕೆ ‘ಕಡಲ್ ಪಾಸಿ’ ಎನ್ನುತ್ತಾರೆ. ಕಡಲ ಪಾಚಿ! ನಮ್ಮದೇ ಮಾತು, ಒಂದು ಅಕ್ಷರ ಆಚೀಚೆ. ಮದುರೈಯ ಬಿಸಿಲಲ್ಲಿ ಜನ ಸಾಲುಗಟ್ಟಿ ಕುಡಿಯುವ ಜಿಗರ್‌ಥಂಡಾದ ಲೋಟದಲ್ಲೂ ಹಾಲಿನ ಜೊತೆ ಈ ಕಡಲ ಪಾಚಿ ನಡುಗುತ್ತದೆ. ನನ್ನ ಅಂಗೈಯಲ್ಲಿದ್ದ ಹತ್ತು ಗ್ರಾಮಿನ ಕಂತೆ ಗಾಳಿಯಷ್ಟು ಹಗುರ. ಅದರ ಹಿಂದೆ ಯಾವುದೋ ತಾಯಿಯ ಬಿಗಿಹಿಡಿದ ಉಸಿರಿರಬಹುದು ಎಂದು ತಿಳಿದ ಮೇಲೆ ಅದನ್ನು ಕತ್ತರಿಸಲು ಒಂದು ಗಳಿಗೆ ಕೈ ಬರಲಿಲ್ಲ.

ಬಿಸಿಲಿಗೆ ಸೋತ ಜೆಲಾಟಿನ್, ಬಿಸಿಲನ್ನು ಗೆದ್ದ ಅಗರ್. ಈ ಕಥೆ ನನಗಿಂತ ಮೊದಲೇ ಒಬ್ಬಳ ಅಡುಗೆಮನೆಯಲ್ಲಿ ನಡೆದಿತ್ತು! 1881ರ ಬೇಸಿಗೆ, ಜರ್ಮನಿ. ವಾಲ್ಟರ್ ಹೆಸ್ಸೆ ಎಂಬ ವೈದ್ಯ ಗಾಳಿಯಲ್ಲಿರುವ ಸೂಕ್ಷ್ಮಜೀವಿಗಳನ್ನು ಜೆಲಾಟಿನ್ ಮೇಲೆ ಬೆಳೆಸಿ ಎಣಿಸುವ ಕೆಲಸದಲ್ಲಿದ್ದರು. ಸೆಕೆಗೆ ಜೆಲಾಟಿನ್ ನೀರಾಗಿ ಹರಿಯುತ್ತಿತ್ತು, ಎಣಿಸಬೇಕಾದ್ದೆಲ್ಲ ಕಲಸಿಹೋಗುತ್ತಿತ್ತು. ಅವರ ಹೆಂಡತಿ ಫ್ಯಾನಿ ಹೆಸ್ಸೆ ಗಂಡನ ಪ್ರಯೋಗಗಳಿಗೆ ಚಿತ್ರ ಬರೆದುಕೊಡುತ್ತಿದ್ದವರು. ‘ನಿಮ್ಮ ಜೆಲ್ಲಿ, ಪುಡಿಂಗುಗಳು ಮಾತ್ರ ಈ ಸೆಕೆಯಲ್ಲೂ ಹೇಗೆ ನಿಲ್ಲುತ್ತವೆ?’ ಎಂಬ ಪ್ರಶ್ನೆಗೆ ಆಕೆಯ ಬಳಿ ಉತ್ತರವಿತ್ತು: ಅಗರ್. ಜಾವಾ ದ್ವೀಪದಲ್ಲಿದ್ದು ಬಂದ ಪರಿಚಿತರಿಂದ ಅವರು ಅದನ್ನು ಕಲಿತಿದ್ದರು. ಆ ಅಡುಗೆಮನೆಯ ಪುಡಿ ಪ್ರಯೋಗಾಲಯಕ್ಕೆ ಹೋಯಿತು. ಮರುವರ್ಷ, 1882ರಲ್ಲಿ, ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಲೋಕಕ್ಕೆ ತೋರಿಸಿದ ಪ್ರಬಂಧದಲ್ಲಿ ಅಗರ್ ಹೆಸರು ಬಂತು, ಫ್ಯಾನಿಯ ಹೆಸರು ಬರಲಿಲ್ಲ. ಇವತ್ತಿಗೂ ರೋಗಾಣು ಬೆಳೆಸಿ ನೋಡುವ ಪ್ರಯೋಗಾಲಯಗಳ ಗಾಜಿನ ತಟ್ಟೆಗಳಲ್ಲಿ ಇರುವುದು ಅದೇ ಅಗರ್. ಬೇಸಿಗೆಯ ಒಂದು ಸಿಹಿತಿಂಡಿ ವೈದ್ಯಶಾಸ್ತ್ರದ ಕಣ್ಣು ತೆರೆಸಿತು! ನನ್ನ ಒಲೆಯ ಮೇಲೆ ಅಗರ್ ಕುದಿಯುವಾಗಲೆಲ್ಲ ನಾನು ಫ್ಯಾನಿ ಹೆಸ್ಸೆಯನ್ನು ನೆನೆಯುತ್ತೇನೆ.

ಅಗರ್‌ನ ಎಳೆಗಳು ಪ್ರೋಟೀನ್ ಅಲ್ಲ, ಸಕ್ಕರೆಯ ಕೊಂಡಿಗಳ ಸರಪಳಿ. ಅದಕ್ಕೇ ಅನಾನಸಿನ ಕತ್ತರಿಗೆ ಅವು ಬಗ್ಗುವುದಿಲ್ಲ. ಇನ್ನೂ ದೊಡ್ಡ ಅಚ್ಚರಿ ಅದರ ಬಿಸಿಯ ಲೆಕ್ಕದಲ್ಲಿದೆ. ಹೆಪ್ಪುಗಟ್ಟುವುದು ಸುಮಾರು 35ರಿಂದ 40 ಡಿಗ್ರಿಗೆ. ಹೆಪ್ಪುಗಟ್ಟಿದ್ದು ಮತ್ತೆ ಕರಗಬೇಕಾದರೆ ಬೇಕು ಸುಮಾರು 85 ಡಿಗ್ರಿ! ಕಟ್ಟಿಕೊಳ್ಳುವ ಬಿಸಿಯೇ ಬೇರೆ, ಬಿಟ್ಟುಕೊಡುವ ಬಿಸಿಯೇ ಬೇರೆ. ಎರಡರ ನಡುವೆ 45 ಡಿಗ್ರಿಗೆ ಕಡಿಮೆಯಿಲ್ಲದ ಬಯಲು. ಪದರದ ಕಲೆಯೆಲ್ಲ ಆ ಬಯಲಲ್ಲೇ ನಡೆಯುತ್ತದೆ. ಕೆಳಗಿನ ಪದರ ನಿಂತ ಮೇಲೆ 60 ಡಿಗ್ರಿಯ ಬಿಸಿ ರಸವನ್ನು ಅದರ ತಲೆಯ ಮೇಲೆ ಸುರಿಯಿರಿ, ಅದು ಅಲುಗದು. ತಾರಸಿಯ 34 ಡಿಗ್ರಿಗೆ ಅದು ಕಣ್ಣೆತ್ತಿಯೂ ನೋಡದು.

ಎಂಟು ಅಂಗುಲದ ಚೌಕ ತಟ್ಟೆ ತೆಗೆದೆ. ಒಂದು ಸೆಂಟಿಮೀಟರ್ ದಪ್ಪದ ಪದರಕ್ಕೆ 400 ಮಿಲಿಲೀಟರ್ ರಸ. ಐದು ಪದರಕ್ಕೆ ಎರಡು ಲೀಟರ್. ಅಷ್ಟನ್ನೂ ನಿಲ್ಲಿಸಲು ಎಷ್ಟು ಅಗರ್ ಪುಡಿ ಬೇಕಾಯಿತು? 16 ಗ್ರಾಂ! ಕಾಲು ಲೀಟರಿಗೆ ಒಂದು ಚಹಾ ಚಮಚ, ಎರಡು ಗ್ರಾಂ. ಎರಡು ಲೀಟರ್ ನೀರು ಎಂಟು ಚಮಚ ಪುಡಿಯ ಹೆಗಲೇರಿ ನಿಲ್ಲುವುದನ್ನು ಕಣ್ಣಾರೆ ನೋಡದೆ ನಂಬುವುದು ಕಷ್ಟ. ಕಂತೆಯ ರೂಪದ ಚೈನಾ ಗ್ರಾಸ್ ಆದರೆ ಲೀಟರಿಗೆ ಹತ್ತು ಗ್ರಾಂ. ಕತ್ತರಿಸಿ ಅರ್ಧ ಗಂಟೆ ನೆನೆಸಿ, ಒಂದೂ ಎಳೆ ಕಾಣದ ಹಾಗೆ ಹತ್ತು ನಿಮಿಷ ಕುದಿಸಬೇಕು. ಪುಡಿಗೆ ಎರಡು ಮೂರು ನಿಮಿಷದ ಕುದಿ ಸಾಕು. ಜೆಲಾಟಿನನ್ನು ಕುದಿಸಬಾರದು, ಅಗರನ್ನು ಕುದಿಸದೆ ಬಿಡಬಾರದು.

ಬಣ್ಣಕ್ಕೆ ಅಂಗಡಿಯ ಶೀಶೆ ಮುಟ್ಟಲಿಲ್ಲ. ಊರಿಂದ ಬಂದ ಪುನರ್ಪುಳಿಯ ಒಣ ಸಿಪ್ಪೆಯನ್ನು ನೀರಲ್ಲಿ ನೆನೆಹಾಕಿ ಒಂದು ಗಂಟೆ ಬಿಟ್ಟರೆ ಮಾಣಿಕ್ಯದ ಕೆಂಪು. ಮಾವಿನ ಹಣ್ಣಿನ ತಿರುಳಿಂದ ಅರಿಶಿನದ ಹಳದಿ. ಕಾಯಿಹಾಲಿಂದ ಬಿಳಿ. ಬೇಲಿಯ ಮೇಲೆ ಹಬ್ಬಿದ ಶಂಖಪುಷ್ಪದ ಇಪ್ಪತ್ತು ಹೂವನ್ನು ಬಿಸಿನೀರಿಗೆ ಹಾಕಿದ ಐದೇ ನಿಮಿಷಕ್ಕೆ ಸಂಜೆಗತ್ತಲ ನೀಲಿ. ಮೇಲಿನ ತಿಳಿಗೆ ಎಳನೀರು ಮತ್ತು ಲಿಂಬೆ. ಅದರಲ್ಲಿ ನೆನೆದ ಕಾಮಕಸ್ತೂರಿ ಬೀಜಗಳು ಕಪ್ಪೆಯ ಮೊಟ್ಟೆಯ ಹಾಗೆ ತೇಲುತ್ತಾ ಅಲ್ಲೇ ಸ್ತಬ್ಧವಾದವು. ಒಂದೊಂದು ಬಣ್ಣವೂ ಒಂದೊಂದು ನಿಯಮ ಕಲಿಸಿತು. ಪುನರ್ಪುಳಿ, ಲಿಂಬೆ ಹುಳಿಯಾದ್ದರಿಂದ ಅಗರ್ ಜೊತೆ ಕುದಿಸಿದರೆ ಹುಳಿ ಸರಪಳಿಯನ್ನು ಕಡಿದು ಬಲೆ ಸಡಿಲವಾಗುತ್ತದೆ. ಆದ್ದರಿಂದ ಅಗರನ್ನು ಸ್ವಲ್ಪ ನೀರಲ್ಲಿ ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ಹುಳಿರಸ ಬೆರೆಸಬೇಕು. ಮಾವಿನ ತಿರುಳು ಫ್ರಿಜ್ಜಿನಿಂದ ಬಂದದ್ದಾದರೆ ಸುರಿದ ಕ್ಷಣವೇ ಅಗರ್ ಗಂಟುಗಂಟಾಗಿ ಕಟ್ಟಿಕೊಳ್ಳುತ್ತದೆ. ತಿರುಳನ್ನು ಮೊದಲೇ ಉಗುರುಬೆಚ್ಚಗೆ ಮಾಡಿಕೊಳ್ಳಬೇಕು.

ಕಾಯಿಹಾಲು ಕೊಟ್ಟ ಬೆರಗು ಎಲ್ಲಕ್ಕಿಂತ ಬೇರೆ. ಅಗರ್ ಬೆರೆಸಿ, ಬಿಸಿಬಿಸಿಯಾಗಿ ಲೋಟಕ್ಕೆ ಸುರಿದು ಮರೆತುಬಿಟ್ಟಿದ್ದೆ. ಬಂದು ನೋಡಿದರೆ ಕೆಳಗೆ ಮಂಜಿನಂಥ ತಿಳಿ, ಮೇಲೆ ಹಾಲುಗೆನೆಯ ಬಿಳಿ. ಒಂದು ಸಲ ಸುರಿದದ್ದು ಎರಡು ಪದರವಾಗಿತ್ತು! ಕಾಯಿಹಾಲಿನ ಕೊಬ್ಬು ಹಗುರ. ಬಲೆ ಕಟ್ಟುವ ಮೊದಲೇ ಅದು ತೇಲಿ ಮೇಲೆ ಸೇರುತ್ತದೆ, ಆಮೇಲೆ ಬಲೆ ಎದ್ದು ಅದನ್ನು ಅಲ್ಲೇ ಹಿಡಿದಿಡುತ್ತದೆ. ಮ್ಯಾನ್ಮಾರಿನ ಮನೆಗಳಲ್ಲಿ ಇದನ್ನೇ ಬೇಕೆಂದು ಮಾಡಿ ‘ಚೌಕ್ ಚೋ’ ಎನ್ನುತ್ತಾರೆ. ಒಂದೇ ಬಿಳಿ ಬೇಕಿದ್ದರೆ ರಸ ತುಸು ಮಂದವಾಗುವ ತನಕ ಸೌಟಿನಲ್ಲಿ ತಿರುಗಿಸುತ್ತಲೇ ಇದ್ದು ಆಗ ಸುರಿಯಬೇಕು.

ಈಗ ಪದರದ ಮೇಲೆ ಪದರ. ಕೆಳಗಿನದು ಇನ್ನೂ ನೀರಾಗಿದ್ದಾಗ ಸುರಿದರೆ ಎರಡೂ ಕಲಸುತ್ತವೆ. ಪೂರ್ತಿ ಗಟ್ಟಿಯಾಗಿ ತಣ್ಣಗಾದ ಮೇಲೆ ಸುರಿದರೆ ನೋಡಲು ಕೂಡಿದಂತೆ ಕಾಣುತ್ತವೆ, ಚಾಕು ತಾಗಿದೊಡನೆ ಜಾರಿ ಬೇರೆಯಾಗುತ್ತವೆ. ಎರಡರ ನಡುವೆ ಒಂದು ಗಳಿಗೆ ಇದೆ. ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ. ಕೆನೆಗಟ್ಟಿದೆ, ಆದರೆ ಬೆರಳಿಗೆ ಅಂಟುತ್ತದೆ. ಅದೇ ಹೊತ್ತು! ಆಗ ಮೇಲಿನ ಬಿಸಿರಸದ ಎಳೆಗಳೂ ಕೆಳಗಿನ ಬಲೆಯ ಬಿಡಿ ತುದಿಗಳೂ ಕೈಕೈ ಹಿಡಿಯುತ್ತವೆ, ಎರಡು ಬಣ್ಣ ಒಂದೇ ಬಲೆಯಲ್ಲಿ ನಿಲ್ಲುತ್ತವೆ. ನನ್ನ ಅಡುಗೆಮನೆಯಲ್ಲಿ ಒಂದೊಂದು ಪದರಕ್ಕೆ ಆ ಗಳಿಗೆ ಹತ್ತು ಹದಿನೈದು ನಿಮಿಷಕ್ಕೆ ಬರುತ್ತಿತ್ತು. ಹೊತ್ತು ಮೀರಿತೇ, ಫೋರ್ಕಿನ ಮೊನೆಯಿಂದ ಮೇಲ್ಮೈಯನ್ನು ತೆಳ್ಳಗೆ ಗೀರಿ ಸುರಿದರೆ ಹಿಡಿತ ಸಿಗುತ್ತದೆ. ಸುರಿಯುವಾಗ ಸೌಟಿನ ಬೆನ್ನ ಮೇಲೆ ಹರಿಯಬಿಡಬೇಕು, ಧಾರೆ ನೇರ ಬಿದ್ದರೆ ಕೆಳಗಿನದಕ್ಕೆ ತೂತು.

ಮಗಳು ಕಂಡುಕೊಂಡದ್ದು ಓರೆಲೋಟ. ಮೊಟ್ಟೆಯ ಟ್ರೇಯ ಗುಣಿಯಲ್ಲಿ ಲೋಟವನ್ನು ವಾಲಿಸಿ ನಿಲ್ಲಿಸಿ ಕೆಂಪು ಸುರಿದಳು. ಕಟ್ಟಿದ ಮೇಲೆ ಲೋಟ ನೆಟ್ಟಗೆ ಮಾಡಿದರೆ ಕೆಂಪು ಗುಡ್ಡದ ಇಳಿಜಾರು! ಅದರ ಮೇಲೆ ಬಿಳಿ ತುಂಬಿದಾಗ ಮೋಡ ಕವಿದ ಬೆಟ್ಟ. ಇನ್ನೊಂದು ಲೋಟವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ ಬೆಟ್ಟಸಾಲನ್ನೇ ಎಬ್ಬಿಸಿದಳು. ಹತ್ತು ವರ್ಷದ ಕೈಗಳು ನೀರನ್ನು ಓರೆಯಾಗಿ ನಿಲ್ಲಿಸುವುದನ್ನು ನಾನು ಬಾಗಿಲ ಚೌಕಟ್ಟಿಗೆ ಒರಗಿ ನೋಡಿದೆ.

ಇನ್ನು ಆ ನೇರಳೆ ಪಟ್ಟಿಗೆ ಬರುತ್ತೇನೆ. ಶಂಖಪುಷ್ಪದ ನೀಲಿಗೆ ಹುಳಿ ತಾಗಿದರೆ ನೇರಳೆಯಾಗುತ್ತದೆ. ಹೂವಿನ ಬಣ್ಣಕಣಗಳು ಹುಳಿಯ ಎದುರು ತಮ್ಮ ರೂಪ ಬದಲಿಸುತ್ತವೆ. ರಾತ್ರಿಯಿಡೀ ಲಿಂಬೆಯ ಹುಳಿ ಮೇಲಿನ ಪದರದಿಂದ ಕೆಳಗೆ ಇಳಿಯುತ್ತಿತ್ತು. ನೀರು ನಿಂತಿದ್ದರೂ ಅದರೊಳಗಿನ ಕಣಗಳು ನಿಂತಿರಲಿಲ್ಲ! ಬಲೆಯ ಕಣ್ಣುಗಳು ಹುಳಿಯ ಕಣಕ್ಕೆ ಹೆಬ್ಬಾಗಿಲಿನಷ್ಟು ಅಗಲ. ಮೊದಲ ಒಂದು ಗಂಟೆಗೆ ಕೆಲವೇ ಮಿಲಿಮೀಟರ್, ಆಮೇಲೆ ಇನ್ನೂ ನಿಧಾನ. ಲೋಟ ಅಲುಗಿಸುವಂತಿಲ್ಲ, ಕಲಕುವಂತಿಲ್ಲ. ಬರಿಯ ಹರಡುವಿಕೆ, ಬರಿಯ ತಾಳ್ಮೆ. ಮಾಮೂಲಿ ನೀರಾಗಿದ್ದರೆ ಒಂದು ಅಲುಗಾಟಕ್ಕೆ ಎಲ್ಲ ಬೆರೆತು ಈ ನಡೆ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ನಿಂತ ನೀರಿನಲ್ಲಿ ಕಾಲ ನಡೆದುಹೋದ ಗುರುತು ಬಣ್ಣವಾಗಿ ಉಳಿದಿತ್ತು.

ಹೀಗೆ ಜೆಲ್ಲಿಯೊಳಗೆ ತಾವಾಗಿ ಮೂಡುವ ಪಟ್ಟೆಗಳ ಹಿಂದೆ ಬಿದ್ದವರು ನಮಗಿಂತ ಮೊದಲೂ ಇದ್ದರು. 1896ರಲ್ಲಿ ರಾಫೆಲ್ ಲೀಸೆಗಾಂಗ್ ಎಂಬ ಜರ್ಮನ್ ರಸಾಯನವಿಜ್ಞಾನಿ, ಡೈಕ್ರೋಮೇಟ್ ಬೆರೆಸಿದ ಜೆಲಾಟಿನ್ ಪದರದ ಮೇಲೆ ಬೆಳ್ಳಿಯ ಲವಣದ ಒಂದು ಹನಿ ಬಿಟ್ಟು, ಅದರ ಸುತ್ತ ಬಳೆಯೊಳಗೆ ಬಳೆ ಏಳುವುದನ್ನು ವಿವರಿಸಿದ. ಅದು ತಿನ್ನುವ ಜೆಲ್ಲಿಯಲ್ಲ, ವಿಷದ ರಸಾಯನ. ಪಟ್ಟೆ ಕಟ್ಟುವ ರೀತಿಯೂ ನನ್ನ ಲೋಟದ್ದಕ್ಕಿಂತ ಬೇರೆ. ಆದರೆ ನಿಂತ ನೀರಿನೊಳಗೆ ಕಣಗಳು ನಡೆದು ಬರೆಯುವ ಬರಹ ಅದೂ ಹೌದು. ಆ ಬಳೆಗಳ ಬಗ್ಗೆ ಯಾರು ತಲೆ ಕೆಡಿಸಿಕೊಂಡರು ಗೊತ್ತೇ? 1939ರಲ್ಲಿ, ಇದೇ ಬೆಂಗಳೂರಿನಲ್ಲಿ, ಸಿ.ವಿ. ರಾಮನ್! ಕೆ. ಸುಬ್ಬರಾಮಯ್ಯ ಅವರ ಜೊತೆ ಸೇರಿ ಆ ಪಟ್ಟೆಗಳಲ್ಲಿ ಅಲೆಗಳ ಸ್ವಭಾವವಿದೆ ಎಂದು ಪ್ರಬಂಧವನ್ನೇ ಬರೆದರು. ಗುರು ಪಟ್ಟೆಗಳನ್ನು ನೋಡಿದರು, ಶಿಷ್ಯ ರಾಮಚಂದ್ರನ್ ಅಂಥ ಪಟ್ಟೆಗಳನ್ನು ಹಿಡಿದಿಡುವ ಪ್ರೋಟೀನಿನ ಮೂಲವಾದ ಮೂರೆಳೆ ಜಡೆಯನ್ನು ಬಿಡಿಸಿದರು. ನನ್ನ ಫ್ರಿಜ್ಜಿನ ಒಂದು ಲೋಟ ನನ್ನನ್ನು ಇಬ್ಬರ ಬಾಗಿಲಿಗೂ ಒಯ್ದಿತ್ತು.

ಭಾನುವಾರ ಸಂಜೆ ನಾಲ್ಕೂವರೆ. ತಟ್ಟೆಯ ಅಂಚಿನ ಸುತ್ತ ಚಾಕು ಆಡಿಸಿ, ಬಾಳೆಲೆಯ ಮೇಲೆ ಬೋರಲು ಹಾಕಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಒಳಗೆ ಗಾಳಿ ಹೊಕ್ಕ ಸಣ್ಣ ಸದ್ದು, ತಟ್ಟೆ ಹಗುರಾಯಿತು. ಎತ್ತಿದರೆ ಐದು ಅಂತಸ್ತಿನ ಬಣ್ಣದ ಮನೆ ಇಡಿಯಾಗಿ ನಿಂತಿತ್ತು. ಪಶ್ಚಿಮದ ಬಿಸಿಲು ಅದರೊಳಗೆ ಹಾದು ಬಾಳೆಲೆಯ ಹಸಿರಿನ ಮೇಲೆ ಕೆಂಪಿನ ನೆರಳು ಚೆಲ್ಲಿತು. ನೀಲಿಗೂ ತಿಳಿಗೂ ನಡುವೆ ನೇರಳೆ ಹಬ್ಬತೊಡಗಿತ್ತು. ‘ಎಷ್ಟು ಬಣ್ಣ ಹಾಕಿದ್ದೇವೆ ಹೇಳಿ ನೋಡೋಣ’ ಎಂದು ಮಗಳು ಕೇಳಿದಳು. ಎಲ್ಲರೂ ಆರು ಎಂದರು. ‘ಹಾಕಿದ್ದು ಐದು!’ ಎಂದು ಕೂಗಿದಳು. ಆರನೆಯದು ಎಲ್ಲಿಂದ ಬಂತೆಂದು ವಿವರಿಸುತ್ತಾ ಅವಳು ಹಿರಿಯರ ನಡುವೆ ನಿಂತ ಆ ಗಳಿಗೆ ನನ್ನ ಕಣ್ಣಲ್ಲಿದೆ.

ಇಪ್ಪತ್ತೈದು ಚೌಕ ಕತ್ತರಿಸಿದೆ, ಒಂದೂ ಜಾರಲಿಲ್ಲ. ಎಂಬತ್ತು ದಾಟಿದ ದೊಡ್ಡಮ್ಮ ಬೆರಳಿನಿಂದ ತುಂಡನ್ನು ಮೆಲ್ಲಗೆ ತಟ್ಟಿ, ಅದು ನಡುಗಿ ನಿಲ್ಲುವ ತನಕ ನೋಡಿದರು. ‘ಇದು ನಮ್ಮ ಹಾಲುಬಾಯಿಯ ತಂಗಿ’ ಎಂದರು. ಹೌದಲ್ಲ! ಅಕ್ಕಿ ಅರೆದು, ಕಾಯಿಹಾಲು ಬೆಲ್ಲ ಸೇರಿಸಿ, ಕೈಸೋಲುವಷ್ಟು ಹೊತ್ತು ಮಗುಚಿ, ತುಪ್ಪ ಸವರಿದ ತಟ್ಟೆಗೆ ಹೊಯ್ದು ಹಾಲುಬಾಯಿ ಕತ್ತರಿಸುವಾಗ ಅಲ್ಲೂ ಇದ್ದದ್ದು ಪಿಷ್ಟದ ಬಲೆಯಲ್ಲಿ ಸಿಕ್ಕಿದ ನೀರೇ. ಕರು ಹಾಕಿದ ಮನೆಯ ಗಿಣ್ಣೂ ಅದೇ ಬಳಗ. ಆದರೆ ಗಿಣ್ಣು ಬಿಸಿಗೆ ಗಟ್ಟಿಯಾಗುತ್ತದೆ, ಮತ್ತೆ ಹಾಲಾಗುವುದಿಲ್ಲ. ಜೆಲ್ಲಿ ತಣಿದು ಗಟ್ಟಿಯಾಗುತ್ತದೆ, ಕಾಯಿಸಿದರೆ ಮತ್ತೆ ನೀರು. ನೀರನ್ನು ನಿಲ್ಲಿಸುವ ವಿದ್ಯೆ ನಮ್ಮ ಅಜ್ಜಿಯರ ಉರುಳಿಯಲ್ಲಿ ಮೊದಲಿಂದಲೂ ಇತ್ತು. ನಾನು ಅದನ್ನು ಗಾಜಿನ ಲೋಟದಲ್ಲಿ ಈಗ ನೋಡಿದೆ.

ಎಲ್ಲರೂ ಹೋದ ಮೂರು ದಿನದ ಮೇಲೆ ಇನ್ನೊಂದು ಬೆರಗು ಕಾದಿತ್ತು. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಐಸಿನ ನಡುವೆ, ಯಾರೋ ಮಕ್ಕಳು ಸೇರಿಸಿಟ್ಟ ಒಂದು ಜೆಲ್ಲಿ ಚೌಕ ಕಲ್ಲಾಗಿ ಕೂತಿತ್ತು. ತೆಗೆದು ತಟ್ಟೆಯಲ್ಲಿಟ್ಟೆ. ಐಸ್ ಕರಗಿದ ಹಾಗೆ ನೇರಳೆ ನೀರು ಹರಿದು ತಟ್ಟೆ ತುಂಬಿತು. ಉಳಿದದ್ದು ಸ್ಪಂಜಿನ ಹಾಗೆ ಹಗುರವಾದ, ರಂಧ್ರ ರಂಧ್ರದ, ಮಾಸಲು ಬಣ್ಣದ ಒಂದು ಚೂರು. ಹೆಪ್ಪುಗಟ್ಟಿದ ನೀರು ಐಸಾಗಿ ಬೆಳೆದು, ಬಲೆಯನ್ನು ಒತ್ತಿ ಪಕ್ಕಕ್ಕೆ ಸರಿಸಿ, ಕರಗಿದಾಗ ಅದನ್ನು ಬಿಟ್ಟು ಹೊರಟುಹೋಗಿತ್ತು. ಇಷ್ಟು ದಿನ ಮಾತಲ್ಲೇ ಇದ್ದ ಆ ಬಲೆ ಈಗ ನನ್ನ ಬೆರಳ ನಡುವೆ ಇತ್ತು!

ಜಪಾನಿನಲ್ಲಿ ಒಂದು ಹಳೆಯ ಕಥೆಯಿದೆ. ಹದಿನೇಳನೆಯ ಶತಮಾನದಲ್ಲಿ, ಕ್ಯೋಟೋ ಬಳಿಯ ಫುಶಿಮಿಯಲ್ಲಿ, ಮಿನೋ ತಾರೋಜಾಎಮೋನ್ ಎಂಬ ಛತ್ರದ ಯಜಮಾನ ಉಳಿದ ಪಾಚಿ ಜೆಲ್ಲಿಯನ್ನು ಚಳಿಗಾಲದ ರಾತ್ರಿ ಹೊರಗೆ ಎಸೆದನಂತೆ. ಅದು ರಾತ್ರಿ ಹೆಪ್ಪುಗಟ್ಟಿ, ಹಗಲು ಕರಗಿ, ಕೆಲವು ದಿನಕ್ಕೆ ಒಣಗಿ ಬಿಳಿಯ ಹಗುರ ಕಡ್ಡಿಯಾಯಿತು. ಅದನ್ನು ನೀರಿಗೆ ಹಾಕಿ ಕುದಿಸಿದರೆ ಮತ್ತೆ ಜೆಲ್ಲಿ! ಕಿರಾಣಿ ಅಂಗಡಿಯಲ್ಲಿ ನೇತಾಡುವ ಚೈನಾ ಗ್ರಾಸ್ ಕಂತೆಯ ಹುಟ್ಟುಕಥೆ ಅದು. ನನ್ನ ಫ್ರಿಜ್ಜಿನ ಖಾನೆಯಲ್ಲಿ ಫುಶಿಮಿಯ ಆ ರಾತ್ರಿ ಮತ್ತೊಮ್ಮೆ ನಡೆದಿತ್ತು.

ಚೂರನ್ನು ಹಿಂಡಿ, ಸಂಡಿಗೆಯ ಪಕ್ಕ ತಾರಸಿಯಲ್ಲಿ ಒಣಗಿಸಿದೆ. ಮೊದಲ ದಿನ ನನ್ನ ಜೆಲ್ಲಿಯನ್ನು ಕರಗಿಸಿದ್ದ ಅದೇ ತಾರಸಿ ಎರಡೇ ದಿನದಲ್ಲಿ ಅದನ್ನು ಕಾಗದದಷ್ಟು ಹಗುರ ಮಾಡಿಕೊಟ್ಟಿತು. ನಿನ್ನೆ ಸಂಜೆ ಮಗಳು ಅದನ್ನು ಎರಡು ಚಮಚ ನೀರಲ್ಲಿ ಕುದಿಸಿ ಪುಟ್ಟ ಬಟ್ಟಲಿಗೆ ಸುರಿದಳು. ಹತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವಳು ಬಟ್ಟಲನ್ನು ಓರೆ ಮಾಡಿದಳು.

ನೀರು ಮತ್ತೆ ಎದ್ದು ನಿಂತಿತ್ತು.